ಮನಸ್ಸಿನ ಚಿಕಿತ್ಸೆ ಭಕ್ತಿಗೆ ವಿರೋಧವೇ?

ಶ್ರೀಮಠದ ಶಾಖೆಯಲ್ಲಿ ನಡೆಯುವ ಪಾರಾಯಣ ಪ್ರವಚನಗಳಿಗೆ ಬರುವ ಸಜ್ಜನರಲ್ಲಿ ಕೆಲವರು, ಮಂಗಳಾರತಿ ತೀರ್ಥಪ್ರಸಾದಗಳು ಮುಗಿದು ಜನ ಕರಗಿದ ಮೇಲೆ, ನಮ್ಮನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ. ಕೇಳುವವರು ಬೇರೆ ಬೇರೆ. ಪ್ರಶ್ನೆ ಮಾತ್ರ ಒಂದೇ. ಮಗನೋ ಮಗಳೋ ವಾರಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನ ಪರದೆಯಲ್ಲಿ ಕಾಣುವ ಯಾರೊಡನೆಯೋ ಮುಕ್ಕಾಲು ಗಂಟೆ ಮಾತನಾಡುತ್ತಾರೆ. ವಿಚಾರಿಸಿದರೆ ‘ಥೆರಪಿ’ ಎನ್ನುತ್ತಾರೆ. ಇನ್ನೂ ಕೆದಕಿದರೆ, ‘ನನ್ನ ಮೇಲೆ ನನಗೇ ಗೌರವವಿಲ್ಲ, ನಾನು ಯಾವುದಕ್ಕೂ ಬಾರದವನು ಎನಿಸುತ್ತದೆ’ ಎಂಬ ಉತ್ತರ ಬರುತ್ತದೆ. ತಂದೆತಾಯಿಗಳಿಗೆ ಸಿಡಿಲು ಬಡಿದಂತಾಗುತ್ತದೆ. ನಮ್ಮ ಮನೆಯಲ್ಲಿ ಏನು ಕಡಿಮೆಯಾಗಿದೆ? ನಿತ್ಯ ದೇವರಪೂಜೆ ತಪ್ಪಿಲ್ಲ, ಏಕಾದಶಿ ಬಿಟ್ಟಿಲ್ಲ, ರಾಯರ ಆರಾಧನೆಗೆ ಸೇವೆ ಸಲ್ಲಿಸದ ವರ್ಷವಿಲ್ಲ. ಹೀಗಿರುವಾಗ ಹೊರಗಿನವರ ಮುಂದೆ ಮನೆಯ ಮಾತನ್ನು ಹರಡುವುದೇ? ಇದು ದೇವರಲ್ಲಿ ಅಪನಂಬಿಕೆಯಲ್ಲವೇ?

ಒಬ್ಬೊಬ್ಬರಿಗೆ ನಿಂತಲ್ಲೇ ಹೇಳುತ್ತಿದ್ದ ಉತ್ತರವನ್ನು ಸಂಪಾದಕರ ಅಪೇಕ್ಷೆಯಂತೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತಿದ್ದೇವೆ.

ಮೊದಲು ಶಬ್ದಗಳ ವಿವೇಚನೆಯಾಗಬೇಕು. ಅಹಂಕಾರ, ಆತ್ಮಗೌರವ, ದೈನ್ಯ, ಕೀಳರಿಮೆ ಎಂಬ ನಾಲ್ಕನ್ನೂ ನಾವು ವ್ಯವಹಾರದಲ್ಲಿ ಕಲಸಿಬಿಟ್ಟಿದ್ದೇವೆ. ಹರಿದಾಸರು ತಮ್ಮನ್ನು ಪಾಪಿ, ಪಾಮರ, ಮಂದಮತಿ ಎಂದು ಹಳಿದುಕೊಂಡದ್ದನ್ನು ನಾವೆಲ್ಲ ಹಾಡುತ್ತೇವೆ. ಆದ್ದರಿಂದ ತನ್ನನ್ನು ತಾನು ಹೀನನೆಂದು ಭಾವಿಸುವುದು ಭಕ್ತನ ಲಕ್ಷಣವೆಂದೂ, ಅದನ್ನು ಚಿಕಿತ್ಸೆಯಿಂದ ಕಳೆದುಕೊಳ್ಳಹೊರಡುವುದು ಅಹಂಕಾರವನ್ನು ಬೆಳೆಸಿಕೊಂಡಂತೆ ಎಂದೂ ಹಿರಿಯರೊಬ್ಬರು ನಮ್ಮೊಡನೆ ವಾದಿಸಿದರು. ಆದರೆ ದಾಸರ ದೈನ್ಯವು ಯಾರ ಮುಂದೆ ಎಂಬುದನ್ನು ಅವರು ಗಮನಿಸಲಿಲ್ಲ. ಅದು ಶ್ರೀಹರಿಯ ಮುಂದೆ. ನೆರೆಮನೆಯವರ ಮುಂದೆಯಲ್ಲ, ಮೇಲಧಿಕಾರಿಯ ಮುಂದೆಯಲ್ಲ. ತನ್ನನ್ನು ಪಾಮರನೆಂದ ಅದೇ ದಾಸರು ಇನ್ನೊಂದು ಪದದಲ್ಲಿ ದೇವರೊಡನೆಯೇ ಜಗಳಕ್ಕೆ ನಿಲ್ಲುತ್ತಾರೆ, ಸಲಿಗೆಯಿಂದ ಬೈಯುತ್ತಾರೆ, ನಿಂದಾಸ್ತುತಿ ಮಾಡುತ್ತಾರೆ. ಕೀಳರಿಮೆಯಿಂದ ಬಳಲುವವನಿಗೆ ಇದು ಸಾಧ್ಯವೇ? ಅವನು ದೇವರನ್ನು ಬೈಯುವುದಿರಲಿ, ಚಿಲ್ಲರೆ ಕಡಿಮೆ ಕೊಟ್ಟ ಅಂಗಡಿಯವನನ್ನೂ ಕೇಳಲಾರ. ದೈನ್ಯವು ಮನುಷ್ಯನನ್ನು ದೇವರ ಹತ್ತಿರಕ್ಕೆ ತರುತ್ತದೆ. ಕೀಳರಿಮೆ ಅವನನ್ನು ಎಲ್ಲರಿಂದ, ದೇವರಿಂದಲೂ, ದೂರ ಸರಿಸುತ್ತದೆ. ಫಲದಿಂದ ಮರವನ್ನು ಗುರುತಿಸಬೇಕು.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನು ಪರತಂತ್ರನೆಂಬುದು ಎಲ್ಲರೂ ಬಲ್ಲ ಮಾತು. ಪರತಂತ್ರನೆಂದ ಮಾತ್ರಕ್ಕೆ ಅವನು ತುಚ್ಛನಲ್ಲ, ಮಿಥ್ಯೆಯಲ್ಲ. ಅವನು ಸತ್ಯ, ಒಬ್ಬ ಜೀವನಿಗೂ ಇನ್ನೊಬ್ಬ ಜೀವನಿಗೂ ಇರುವ ಭೇದವೂ ಸತ್ಯ. ಪ್ರತಿಯೊಬ್ಬನೂ ಬಿಂಬನಾದ ಭಗವಂತನಿಗೆ ತನ್ನದೇ ರೀತಿಯಲ್ಲಿ ಪ್ರತಿಬಿಂಬನು. ಈ ಜೀವನಿಗೆ ತಿಳಿವನ್ನು ಒದಗಿಸುವ ಸಾಧನಗಳನ್ನು ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿವೇಚಿಸುವಾಗ, ಐದು ಬಾಹ್ಯೇಂದ್ರಿಯಗಳ ಜೊತೆಗೆ ಮನಸ್ಸನ್ನೂ ಒಂದು ಇಂದ್ರಿಯವೆಂದೇ ಎಣಿಸಿ, ಇವೆಲ್ಲಕ್ಕಿಂತ ಬೇರೆಯಾಗಿ ಸಾಕ್ಷಿಯೆಂಬ ಸ್ವರೂಪೇಂದ್ರಿಯವನ್ನು ಹೇಳುತ್ತಾರೆ. ಸಾಕ್ಷಿಯು ಜೀವನ ಸ್ವರೂಪವೇ; ಅದು ನಿರ್ದುಷ್ಟ. ಮನಸ್ಸಾದರೋ ಪ್ರಕೃತಿಯಿಂದ ಆದದ್ದು, ಜಡ. ಕಣ್ಣಿಗೆ ಕಾಮಾಲೆ ಮೊದಲಾದ ದೋಷಗಳು ತಗಲುವಂತೆ ಮನಸ್ಸಿಗೂ ದೋಷಗಳು ತಗಲುತ್ತವೆ. ಆಗ ಅದು ಕೊಡುವ ಜ್ಞಾನವೂ ಕೆಡುತ್ತದೆ.

ನಮ್ಮ ಪ್ರಕೃತ ವಿಷಯಕ್ಕೆ ಇದಕ್ಕಿಂತ ಉಪಕಾರಕವಾದ ಪ್ರಮೇಯ ಬೇರೊಂದಿಲ್ಲವೆಂದು ನಮ್ಮ ಭಾವನೆ. ‘ನಾನು ನಿಷ್ಪ್ರಯೋಜಕ’ ಎಂಬ ತೀರ್ಪನ್ನು ಕೊಡುತ್ತಿರುವುದು ಯಾವುದು? ಅದು ಮನಸ್ಸು, ಸಾಕ್ಷಿಯಲ್ಲ. ತನಗೆ ದುಃಖವಾಗುತ್ತಿದೆ ಎಂಬುದನ್ನು ಸಾಕ್ಷಿ ಹೇಳುತ್ತದೆ, ಆದ್ದರಿಂದ ಆ ದುಃಖ ನಿಜ. ‘ಸುಮ್ಮನೆ ಕಲ್ಪಿಸಿಕೊಳ್ಳುತ್ತಿದ್ದೀ’ ಎಂದು ಅದನ್ನು ಯಾರೂ ತಳ್ಳಿಹಾಕುವಂತಿಲ್ಲ. ಆದರೆ ದುಃಖಕ್ಕೆ ಕಾರಣವಾಗಿ ಮನಸ್ಸು ಮುಂದಿಡುವ ‘ನೀನು ಕೆಲಸಕ್ಕೆ ಬಾರದವನು’ ಎಂಬ ಮಾತು ಪರೀಕ್ಷೆಗೆ ಒಳಪಡಬೇಕಾದ ಮಾತು. ಶಾಸ್ತ್ರದಲ್ಲಿ ಪದೇ ಪದೇ ಬರುವ ದೃಷ್ಟಾಂತ ನಿಮಗೆ ತಿಳಿದೇ ಇದೆ: ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆ. ಆಗ ಮಾಡಬೇಕಾದದ್ದೇನು? ಶಂಖವನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಪ್ರಯೋಜನವಿಲ್ಲ. ಕಾಮಾಲೆಗೆ ಮದ್ದು ಮಾಡಬೇಕು. ಕೀಳರಿಮೆಯ ಮಗುವಿಗೆ ‘ಇನ್ನೊಂದು ಪರೀಕ್ಷೆ ಕಟ್ಟು, ಇನ್ನೊಂದು ಸರ್ಟಿಫಿಕೇಟ್ ಮಾಡಿಕೋ, ಎಲ್ಲ ಸರಿಹೋಗುತ್ತದೆ’ ಎನ್ನುವ ತಂದೆತಾಯಿಗಳು ಶಂಖವನ್ನೇ ತಿಕ್ಕುತ್ತಿದ್ದಾರೆ. ಎಷ್ಟು ತಿಕ್ಕಿದರೂ ಅವನ ಕಣ್ಣಿಗೆ ಅದು ಹಳದಿಯೇ. ಮೊದಲ ರ್‍ಯಾಂಕ್ ಬಂದರೂ ‘ಈ ಬಾರಿ ಪ್ರಶ್ನೆಪತ್ರಿಕೆ ಸುಲಭವಿತ್ತು’ ಎನ್ನುತ್ತಾನೆ.

ಇಂದ್ರಿಯಕ್ಕೆ ದೋಷ ಬಂದರೆ ಅದನ್ನು ಬಲ್ಲವರ ಬಳಿಗೆ ಹೋಗುವುದು ಲೋಕರೂಢಿ. ಕನ್ನಡಕ ಹಾಕಿಕೊಂಡು ವಿಷ್ಣುಸಹಸ್ರನಾಮ ಓದುವವರನ್ನು ಯಾರೂ ‘ಭಕ್ತಿ ಸಾಲದು’ ಎನ್ನುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಚಿಕಿತ್ಸೆಯನ್ನು ಮೂರು ವಿಧವಾಗಿ ವಿಂಗಡಿಸಿದೆ: ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ. ಜಪ, ಹೋಮ, ವ್ರತ, ತೀರ್ಥಯಾತ್ರೆಗಳು ಮೊದಲನೆಯದರಲ್ಲಿ ಸೇರುತ್ತವೆ. ಆಹಾರ, ಔಷಧಗಳನ್ನು ಯುಕ್ತವಾಗಿ ಯೋಜಿಸುವುದು ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದು ಮೂರನೆಯದಾದ ಸತ್ತ್ವಾವಜಯ. ಸತ್ತ್ವವೆಂದರೆ ಇಲ್ಲಿ ಮನಸ್ಸು. ಮೂರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ ಋಷಿಗಳಿಗೆ ಅವುಗಳಲ್ಲಿ ವಿರೋಧ ಕಾಣಲಿಲ್ಲ. ಅದೇ ಅಧ್ಯಾಯದಲ್ಲಿ ಮಾನಸ ವ್ಯಾಧಿಗೆ ಹೇಳಿದ ಉಪಾಯಗಳಲ್ಲಿ ‘ತದ್ವಿದ್ಯಸೇವೆ’ ಎಂಬುದೂ ಒಂದು: ಆ ವಿದ್ಯೆಯನ್ನು ಬಲ್ಲವರನ್ನು ಆಶ್ರಯಿಸುವುದು. ಇನ್ನು ಧನ್ವಂತರಿಯು ಯಾರ ಅವತಾರವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ವೈದ್ಯನ ಒಳಗಿದ್ದು ಮಾಡಿಸುವವನೂ ಅವನೇ ಎಂದು ನಂಬಿದವರು ವೈದ್ಯನ ಬಾಗಿಲಲ್ಲಿ ನಾಚಬೇಕಾದ ಕಾರಣವೇನು?

ನಾಚಿಕೆಯ ಮಾತು ಬಂದದ್ದರಿಂದ ಒಂದನ್ನು ಹೇಳದಿರಲಾರೆವು. ಜಾತಕವನ್ನು ಫೋನಿನಲ್ಲಿ ಕಳುಹಿಸಿ, ಮುಖವನ್ನೇ ಕಾಣದ ಜ್ಯೋತಿಷಿಗೆ ದಕ್ಷಿಣೆ ಸಲ್ಲಿಸಿ, ‘ಶನಿ ಎಂದು ಬಿಡುತ್ತಾನೆ’ ಎಂದು ಕೇಳುವುದರಲ್ಲಿ ಯಾವ ಮನೆಯವರಿಗೂ ಸಂಕೋಚವಿಲ್ಲ. ಆ ಸಮಾಲೋಚನೆಯೂ ದೂರದಿಂದಲೇ, ಹೊರಗಿನವರೊಡನೆಯೇ!

ಈಗ ಧ್ರುವನ ಕಥೆಗೆ ಬರೋಣ. ಶ್ರೀಮದ್ಭಾಗವತದ ಚತುರ್ಥಸ್ಕಂಧದ ಈ ಉಪಾಖ್ಯಾನವನ್ನು ಎಷ್ಟು ಸಲ ಕೇಳಿದ್ದರೂ, ಅದು ಆತ್ಮಗೌರವಕ್ಕೆ ಬಿದ್ದ ಪೆಟ್ಟಿನ ಕಥೆಯೆಂಬ ದೃಷ್ಟಿಯಿಂದ ನೋಡಿದವರು ಕಡಿಮೆ. ಐದು ವರ್ಷದ ಬಾಲಕ. ತಂದೆಯ ತೊಡೆಯೇರಲು ಬಂದಾಗ ಮಲತಾಯಿ ಸುರುಚಿಯು ‘ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ನಿನಗೆ ಈ ಯೋಗ್ಯತೆಯಿಲ್ಲ’ ಎಂಬರ್ಥದ ಮಾತನ್ನಾಡುತ್ತಾಳೆ. ತಂದೆ ಉತ್ತಾನಪಾದ ಬಾಯಿ ತೆರೆಯುವುದಿಲ್ಲ. ಮಗುವನ್ನು ಹೆಚ್ಚು ಘಾಸಿಗೊಳಿಸಿದ್ದು ಸುರುಚಿಯ ಮಾತೋ ತಂದೆಯ ಮೌನವೋ ಎಂಬುದನ್ನು ತಂದೆಯರು ಯೋಚಿಸಲಿ. ಅಳುತ್ತ ಬಂದ ಮಗನನ್ನು ಸುನೀತಿಯು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ, ತಾನೂ ಅಳುತ್ತಾಳೆ, ಬೇರೆಯವರಿಗೆ ಕೇಡು ಬಯಸಬೇಡವೆನ್ನುತ್ತಾಳೆ. ಕೊನೆಗೆ ‘ನಿನ್ನ ದುಃಖವನ್ನು ಕಳೆಯುವ ಶಕ್ತಿ ನನಗಿಲ್ಲ, ಶ್ರೀಹರಿಯಲ್ಲಿಗೆ ಹೋಗು’ ಎಂಬ ಅಭಿಪ್ರಾಯವನ್ನು ಹೇಳುತ್ತಾಳೆ. ತನ್ನಿಂದ ಆಗದ್ದನ್ನು ಆಗದೆಂದು ಒಪ್ಪಿದ ಆ ತಾಯಿಯ ವಿವೇಕ ಸಣ್ಣದಲ್ಲ.

ದಾರಿಯಲ್ಲಿ ನಾರದರು ಸಿಗುತ್ತಾರೆ. ಅವರು ಆ ಮನೆಯವರಲ್ಲ; ಹೊರಗಿನವರು. ಮೊದಲು ಮಗುವಿನ ತಲೆಯ ಮೇಲೆ ಕೈಯಿಟ್ಟು ಒಳ್ಳೆಯ ತತ್ತ್ವೋಪದೇಶವನ್ನೇ ಮಾಡುತ್ತಾರೆ: ಆಡುವ ವಯಸ್ಸಿನ ಮಗುವಿಗೆ ಮಾನವೇನು ಅವಮಾನವೇನು, ದೈವವಶದಿಂದ ಬಂದದ್ದರಲ್ಲಿ ತೃಪ್ತನಾಗಿ ಮನೆಗೆ ಹೋಗು ಎಂದು. ಅದಕ್ಕೆ ಧ್ರುವನು ಕೊಡುವ ಉತ್ತರ ನಮ್ಮ ಕಣ್ಣು ತೆರೆಸುವಂಥದು. ಉಪದೇಶವೇನೋ ಶ್ರೇಷ್ಠವಾದದ್ದೇ, ಆದರೆ ಸುರುಚಿಯ ದುರ್ವಚನಗಳೆಂಬ ಬಾಣಗಳಿಂದ ಒಡೆದುಹೋದ ತನ್ನ ಹೃದಯದಲ್ಲಿ ಅದು ನಿಲ್ಲುತ್ತಿಲ್ಲ ಎಂದು ಆ ಮಗು ನಿವೇದಿಸುತ್ತದೆ. ಸೋರುವ ಕೊಡಕ್ಕೆ ಗಂಗೋದಕವನ್ನೇ ತುಂಬಿದರೂ ಅದು ನಿಲ್ಲುವುದಿಲ್ಲ. ತಪ್ಪು ಗಂಗೋದಕದ್ದಲ್ಲ, ಕೊಡದ ತೂತಿನದು. ನಾರದರು ಸಿಟ್ಟಾಗಲಿಲ್ಲ, ‘ಇಷ್ಟು ಹೇಳಿದರೂ ತಿಳಿಯದೇ’ ಎನ್ನಲಿಲ್ಲ. ಅದನ್ನು ಕೇಳಿ ಪ್ರಸನ್ನರಾಗಿ, ಯಮುನೆಯ ದಡದ ಮಧುವನಕ್ಕೆ ಹೋಗು, ಹೀಗೆ ಸ್ನಾನ ಮಾಡು, ಹೀಗೆ ಕುಳಿತುಕೋ, ಉಸಿರನ್ನು ಹೀಗೆ ನಿಯಮಿಸು, ಹೀಗೆ ಧ್ಯಾನಿಸು ಎಂದು ಒಂದೊಂದೇ ಮೆಟ್ಟಿಲಾಗಿ ಮಾಡುವ ಕ್ರಮವನ್ನು ಹೇಳಿಕೊಟ್ಟರು. ಅನಂತರ ಅವರು ನೆಟ್ಟಗೆ ಹೋದದ್ದು ಎಲ್ಲಿಗೆ? ಉತ್ತಾನಪಾದನ ಅರಮನೆಗೆ. ಪಶ್ಚಾತ್ತಾಪದಿಂದ ಬೇಯುತ್ತಿದ್ದ ತಂದೆಯೊಡನೆಯೂ ಮಾತನಾಡಿದರು. ಮಗುವಿನ ಮನಸ್ಸು ಮುರಿದ ಮನೆಯಲ್ಲಿ ಮಗುವಿಗೆ ಮಾತ್ರ ಚಿಕಿತ್ಸೆ ಸಾಲದೆಂಬುದು ದೇವರ್ಷಿಗಳಿಗೆ ತಿಳಿದಿತ್ತು.

ಪುಣೆಯಲ್ಲಿ ದೊಡ್ಡ ಸಂಬಳದ ಉದ್ಯೋಗದಲ್ಲಿರುವ, ಮೂಲತಃ ವಿಜಾಪುರದ ಕಡೆಯ ಮನೆತನದ ಹುಡುಗಿಯೊಬ್ಬಳನ್ನು ನಾವು ಬಲ್ಲೆವು. ಮೂರು ಅಕ್ಕತಂಗಿಯರಲ್ಲಿ ನಡುವಿನವಳು. ಚಿಕ್ಕಂದಿನಿಂದ ಅಕ್ಕನ ಬಣ್ಣಕ್ಕೂ ತಂಗಿಯ ಅಂಕಗಳಿಗೂ ತೂಗಿಸಿಕೊಂಡು ಬೆಳೆದವಳು. ಆಫೀಸಿನಲ್ಲಿ ಬಡ್ತಿ ಸಿಕ್ಕಿದಾಗ ಸಂತೋಷಪಡುವ ಬದಲು, ‘ಇವರಿಗೆ ನನ್ನ ನಿಜ ಗೊತ್ತಾಗುವ ದಿನ ಹತ್ತಿರ ಬಂತು’ ಎಂದು ನಿದ್ರೆಗೆಟ್ಟಳು. ತಾಯಿಗೆ ಹೇಳಿಕೊಂಡಾಗ ಆಕೆ, ಸದ್ಭಾವನೆಯಿಂದಲೇ, 48 ದಿನ ರಾಯರ ಪ್ರದಕ್ಷಿಣೆ ಸೇವೆ ಮಾಡೆಂದರು. ಹುಡುಗಿ ನಿಷ್ಠೆಯಿಂದ ಮಾಡಿದಳು. ಸೇವೆ ಮುಗಿಯಿತು; ಮನಸ್ಸು ಮಾತ್ರ ಅಲ್ಲೇ ಇತ್ತು. ಆಮೇಲೆ ಅವಳು ನಮ್ಮ ಮುಂದೆ ಆಡಿದ ಮಾತು ಇದು: “ಕಾಕಾ, ರಾಯರಿಗೂ ನಾ ಬ್ಯಾಡಾಗೇನಿ.”

ಈ ಮಾತಿನ ಭಾರವನ್ನು ಓದುಗರು ಅಳೆಯಬೇಕು. ಸೇವೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ರಾಯರ ಕಾರುಣ್ಯಕ್ಕೆ ಮಿತಿಯನ್ನು ಹೇಳುವ ಧೈರ್ಯ ನಮಗಿಲ್ಲ. ಆದರೆ ಕಾಮಾಲೆಯ ಕಣ್ಣಿಗೆ ಬೃಂದಾವನವೂ ಹಳದಿಯಾಗಿಯೇ ಕಾಣುತ್ತದೆ. ತನ್ನನ್ನು ಯೋಗ್ಯತೆಯಿಲ್ಲದವಳೆಂದು ಆಗಲೇ ತೀರ್ಮಾನಿಸಿದವಳಿಗೆ, ಫಲ ತಡವಾದ ಪ್ರತಿಯೊಂದು ಸೇವೆಯೂ ಆ ತೀರ್ಮಾನಕ್ಕೆ ಸಿಕ್ಕ ಹೊಸ ಸಾಕ್ಷ್ಯವಾಗಿಬಿಡುತ್ತದೆ. ‘ಇನ್ನಷ್ಟು ಶ್ರದ್ಧೆಯಿಂದ ಮಾಡು’ ಎಂದು ಅವಳಿಗೆ ಹೇಳುವುದು ಗಾಯದ ಮೇಲೆ ಕೈಯಿಟ್ಟು ಒತ್ತಿದಂತೆ. ವಿಜಯದಾಸರು ತಮ್ಮಲ್ಲಿಗೆ ಉದರಬೇನೆಯಿಂದ ಬಂದ ಮಾನವಿಯ ಶ್ರೀನಿವಾಸಾಚಾರ್ಯರನ್ನು ತಾವೇ ಇಟ್ಟುಕೊಳ್ಳದೆ ಗೋಪಾಲದಾಸರಲ್ಲಿಗೆ ಕಳುಹಿಸಿದರೆಂದು ಸಂಪ್ರದಾಯದಲ್ಲಿ ಪ್ರಸಿದ್ಧಿಯಿದೆ. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕೊಟ್ಟವರು. ಮಹಾತ್ಮರೇ ‘ಇದು ಇಂಥವರಿಂದ ಆಗತಕ್ಕದ್ದು’ ಎಂದು ಬೇರೊಬ್ಬರ ಕಡೆಗೆ ಕೈದೋರಿಸಿದ ಮೇಲೆ ನಾವು ಹಿಂಜರಿಯುವುದೇಕೆ?

ಇನ್ನೊಂದು ಅಪಾಯ ನಮ್ಮ ಸಮಾಜಕ್ಕೇ ವಿಶಿಷ್ಟವಾದದ್ದು. ತಾರತಮ್ಯವೆಂಬ ಶಬ್ದ ನಮ್ಮ ಮಕ್ಕಳ ಕಿವಿಗೆ ಎಳವೆಯಲ್ಲೇ ಬೀಳುತ್ತದೆ. ಶಾಸ್ತ್ರದಲ್ಲಿ ಅದು ಜೀವರ ಸ್ವರೂಪಯೋಗ್ಯತೆಯ ವಿಷಯ. ದೇವತೆಗಳಲ್ಲಿ ಯಾರನ್ನು ಹೇಗೆ ಉಪಾಸಿಸಬೇಕೆಂಬ ವಿಷಯ. ಅದನ್ನು ಸೋದರತ್ತೆಯ ಮಗನ ಅಮೆರಿಕದ ಕೆಲಸಕ್ಕೂ ನಮ್ಮ ಮಗನ ಡೊಂಬಿವಲಿಯ ಕೆಲಸಕ್ಕೂ ಅನ್ವಯಿಸುವ ಅಧಿಕಾರವನ್ನು ಯಾವ ಗ್ರಂಥವೂ ಕೊಟ್ಟಿಲ್ಲ. ಸ್ವರೂಪದಲ್ಲಿ ಉತ್ತಮನಾದವನು ದರಿದ್ರನಾಗಿರಬಹುದು, ಪರೀಕ್ಷೆಯಲ್ಲಿ ಅನುತ್ತೀರ್ಣನೂ ಆಗಿರಬಹುದು. ಪ್ರವಚನವನ್ನು ಅರ್ಧ ಕೇಳಿಕೊಂಡ ಯುವಕನೊಬ್ಬ, ‘ಹಾಗಾದರೆ ನಾನು ತಮೋಯೋಗ್ಯನೇ ಇರಬೇಕಲ್ಲವೇ?’ ಎಂದು ನಮ್ಮನ್ನು ಕೇಳಿದ್ದುಂಟು. ಅವನ ಮುಖದಲ್ಲಿ ಜಿಜ್ಞಾಸೆಯಿರಲಿಲ್ಲ, ಭಯವಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ: ಸ್ವರೂಪವನ್ನು ನಿರ್ಣಯಿಸುವುದು ಅಪರೋಕ್ಷಜ್ಞಾನಿಗಳಲ್ಲದವರಿಗೆ ಸಾಧ್ಯವಿಲ್ಲ, ನಮ್ಮ ವಿಷಯದಲ್ಲಿಯೂ ಇಲ್ಲ, ಪರರ ವಿಷಯದಲ್ಲಿಯೂ ಇಲ್ಲ. ತನ್ನನ್ನು ತಾನೇ ತಮಸ್ಸಿಗೆ ತಳ್ಳಿಕೊಳ್ಳುವ ತೀರ್ಪು ಶಾಸ್ತ್ರಾರ್ಥವಲ್ಲ. ಅದು ರೋಗದ ಮಾತು. ದೇವರ ಹೆಸರು ಕಿವಿಗೆ ಬಿದ್ದರೆ ಹಿತವೆನಿಸುವ ಹುಡುಗ ಹಾಗೆ ಭಯಪಡಬೇಕಾದದ್ದೇ ಇಲ್ಲ.

ಪಾಶ್ಚಾತ್ಯರ ಮನಶ್ಶಾಸ್ತ್ರದಲ್ಲಿ ಇದಕ್ಕೆ ಸಂವಾದಿಯಾದ ವಿಚಾರಗಳಿವೆ. ಎರಡನ್ನು ಮಾತ್ರ ಹೇಳುತ್ತೇವೆ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ವಿದ್ವಾಂಸನು 1890ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದನು: ಮೇಲೆ ಸಾಧಿಸಿದ್ದು, ಕೆಳಗೆ ಬಯಸಿದ್ದು. ಮೇಲಿನದನ್ನು ಹೆಚ್ಚಿಸಿದರೂ ಲಬ್ಧ ಹೆಚ್ಚುತ್ತದೆ, ಕೆಳಗಿನದನ್ನು ತಗ್ಗಿಸಿದರೂ ಹೆಚ್ಚುತ್ತದೆ. ನಮ್ಮವರ ಸಂತೋಷತತ್ತ್ವವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಕೆಳಗಿನ ಅಂಕೆಯನ್ನು ಮಕ್ಕಳು ತಾವೇ ಬರೆದುಕೊಂಡಿರುವುದಿಲ್ಲ, ನಾವು ಬರೆದಿರುತ್ತೇವೆ, ಎಂಬುದನ್ನು ಆ ಗಣಿತಕ್ಕೆ ಸೇರಿಸಬೇಕು. ಎರಡನೆಯದು, 1960ರ ದಶಕದಲ್ಲಿ ಆರನ್ ಬೆಕ್ ಎಂಬ ವೈದ್ಯನು ರೂಪಿಸಿದ ಚಿಕಿತ್ಸಾಕ್ರಮ. ಮನಸ್ಸಿನಲ್ಲಿ ತಾನಾಗಿ ಏಳುವ ‘ನಾನು ಸೋತವನು’ ಎಂಬಂಥ ವಾಕ್ಯವನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಪ್ರಮಾಣವೇನು, ಇದಕ್ಕೆ ಬಾಧಕವೇನು, ಬೇರೆ ವಿಧವಾಗಿ ಉಪಪತ್ತಿ ಹೇಳಲು ಸಾಧ್ಯವೇ ಎಂದು ಚಿಕಿತ್ಸಕನೂ ರೋಗಿಯೂ ಕೂಡಿ ವಿಚಾರಿಸುವ ಪದ್ಧತಿ ಅದು. ನ್ಯಾಯಸುಧೆಯ ಪಾಠ ಕೇಳಿದವರಿಗೆ ಈ ಪೂರ್ವಪಕ್ಷ–ಸಿದ್ಧಾಂತಗಳ ನಡಿಗೆ ಅಪರಿಚಿತವೆನಿಸದು. ಇಂದು ಕೀಳರಿಮೆಗೆ ಕೊಡುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಇದರ ಋಣದಲ್ಲಿವೆ.

ಹಾಗಿದ್ದರೆ ‘ಬರೀ ಮಾತಿಗೆ ದುಡ್ಡು ಕೊಡಬೇಕೇ’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಬರೀ ಮಾತಲ್ಲ, ಅದಕ್ಕಿಂತ ಕಷ್ಟದ ಕೆಲಸ ಕೇಳುವುದು. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಆಡುವುದು ಒಂದೇ ಒಂದು ಮಾತು. ಉಳಿದಂತೆ ಅರ್ಜುನನು ನಡುಗುತ್ತ, ಬೆವರುತ್ತ ಹೇಳುವುದನ್ನೆಲ್ಲ ಕೇಳುತ್ತಾನೆ. ಸರ್ವಜ್ಞನಿಗೆ ಕೇಳಿ ತಿಳಿಯಬೇಕಾದದ್ದೇನೂ ಇರಲಿಲ್ಲ. ಕೇಳಿಸಿಕೊಳ್ಳುವ ಕ್ರಮವನ್ನು ಲೋಕಕ್ಕೆ ತೋರಿಸಿದನು ಅಷ್ಟೆ.

ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ದೂರದಿಂದ ದೊರೆಯುವ ಈ ಚಿಕಿತ್ಸೆಯಲ್ಲಿ ವಿಶೇಷವಾದ ಪ್ರಯೋಜನವೊಂದಿದೆ. ಅದು ಭಾಷೆ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತಮ್ಮ ಅಳಲನ್ನು ಹೇಳಿಯಾರು. ಆದರೆ ಮೂವತ್ತು ವರ್ಷಗಳ ಹಿಂದೆ ರಾಯಚೂರಿನಿಂದ ಮದುವೆಯಾಗಿ ಬಂದು, ತರಕಾರಿ ಕೊಳ್ಳುವಷ್ಟು ಮರಾಠಿ ಕಲಿತು, ‘ನಾನು ಓದಿದವಳಲ್ಲ, ಮಕ್ಕಳ ಸ್ನೇಹಿತರ ಮುಂದೆ ಬರಲಾರೆ’ ಎಂದು ಅಡುಗೆಮನೆಯಲ್ಲೇ ಉಳಿದ ಗೃಹಿಣಿಗೆ? ಚೆನ್ನೈಯಲ್ಲೋ ದೆಹಲಿಯಲ್ಲೋ ಮಗನ ಮನೆಯಲ್ಲಿರುವ, ಹೊರಗೆ ಕನ್ನಡ ಕೇಳದ ವೃದ್ಧರಿಗೆ? ಪೇಟೆಯ ವ್ಯವಹಾರಕ್ಕೆ ಪರಭಾಷೆ ಸಾಕು. ಎದೆಯ ಸಂಕಟಕ್ಕೆ ಸಾಲದು. ಅವರು ಇಂದು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತ ಕನ್ನಡ ಬಲ್ಲ ಚಿಕಿತ್ಸಕರೊಡನೆ ತಮ್ಮ ಮಾತಿನಲ್ಲೇ ಮಾತನಾಡಬಹುದು. ಕೀಳರಿಮೆ ಹರೆಯದವರ ರೋಗವೆಂದು ತಿಳಿಯಬಾರದು. ಐವತ್ತು ದಾಟಿದ ಸ್ತ್ರೀಯರಲ್ಲಿ ಅದು ‘ಸ್ವಭಾವ’ ಎಂಬ ಹೆಸರಿನಲ್ಲಿ ಅಡಗಿರುತ್ತದೆ.

ಯಾರನ್ನು ಆಶ್ರಯಿಸಬೇಕೆಂಬುದರಲ್ಲಿ ಎಚ್ಚರ ಬೇಕು. ಸೈಕಿಯಾಟ್ರಿಸ್ಟ್ ಎಂದರೆ ವೈದ್ಯಶಾಸ್ತ್ರ ಓದಿದವರು, ಔಷಧ ಬರೆದುಕೊಡುವ ಅಧಿಕಾರವುಳ್ಳವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು. ಅವರು 1992ರ ಕಾಯಿದೆಯಂತೆ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದು ಅವಮರ್ಯಾದೆಯಲ್ಲ. ಯೋಗ್ಯರಾದವರು ಸಂತೋಷದಿಂದ ಹೇಳುತ್ತಾರೆ, ಹೇಳಲು ತಡವರಿಸುವವರನ್ನು ಬಿಟ್ಟುಬಿಡಬಹುದು. ಕೌನ್ಸೆಲರ್ ಎಂಬ ಹೆಸರಿನಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವೀಧರರೂ ಇದ್ದಾರೆ, ಎರಡು ವಾರಗಳ ಶಿಬಿರ ಮುಗಿಸಿದವರೂ ಇದ್ದಾರೆ. ಆದ್ದರಿಂದ ಓದಿದ್ದು ಏನು, ಎಲ್ಲಿ, ಎಷ್ಟು ವರ್ಷಗಳ ಅನುಭವ, ಶುಲ್ಕವೆಷ್ಟು, ಮಾತುಕತೆಯನ್ನು ರೆಕಾರ್ಡ್ ಮಾಡುತ್ತಾರೆಯೇ ಎಂಬುದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು. ನಾಲ್ಕೇ ಭೇಟಿಯಲ್ಲಿ ಗುಣಪಡಿಸುತ್ತೇವೆನ್ನುವವರಿಂದ ದೂರವಿರಬೇಕು. ‘ನಮ್ಮವರೇ ಯಾರಾದರೂ ಇದ್ದಾರೆಯೇ’ ಎಂದು ಹಲವರು ವಿಚಾರಿಸುತ್ತಾರೆ. ಇರಬಹುದು, ಆದರೆ ನಮ್ಮ ಸಮಾಜ ಸಣ್ಣದು, ಎರಡು ಮಾತಿನಲ್ಲಿ ಬೀಗತನ ಹೊರಡುತ್ತದೆ. ಹೊರಗಿನವರಾದ ನಾರದರೇ ಮೇಲು. ಚಿಕಿತ್ಸಕರಿಗೆ ನಮ್ಮ ಮಡಿ, ಏಕಾದಶಿಗಳು ತಿಳಿಯದಿದ್ದರೆ ತಿಳಿಸಿಕೊಟ್ಟರಾಯಿತು. ಒಳ್ಳೆಯವರು ಕೇಳಿಕೊಳ್ಳುತ್ತಾರೆ, ಅವಹೇಳನ ಮಾಡುವುದಿಲ್ಲ. ಒಬ್ಬರೊಡನೆ ಮನಸ್ಸು ಕೂಡದಿದ್ದರೆ ಇನ್ನೊಬ್ಬರನ್ನು ನೋಡುವುದರಲ್ಲಿ ದೋಷವಿಲ್ಲ.

ಸಂಬಂಧ ಬೆಳೆಸುವಾಗ ಗೊತ್ತಾದರೆ ಹೇಗೆಂಬ ಹೆದರಿಕೆ ಕನ್ಯಾಪಿತೃಗಳಿಗೆ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದ್ದು, ರೋಗಿಯ ವಿಷಯದ ಗೋಪ್ಯತೆಯನ್ನು ಅವನ ಹಕ್ಕೆಂದು ಹೇಳುತ್ತದೆ. ಪ್ರಾಣಾಪಾಯ, ನ್ಯಾಯಾಲಯದ ಆದೇಶ ಮೊದಲಾದ ಕೆಲವೇ ಸಂದರ್ಭಗಳು ಅದಕ್ಕೆ ಅಪವಾದ. ಗುಟ್ಟು ಹೊರಬೀಳುವುದು ಸಾಮಾನ್ಯವಾಗಿ ಚಿಕಿತ್ಸಕರಿಂದಲ್ಲ, ನಮ್ಮ ಮನೆಗಳ ಫೋನುಗಳಿಂದ.

ಒಂದು ವಿಷಯದಲ್ಲಿ ಮಾತ್ರ ದೂರದ ಚಿಕಿತ್ಸೆಯನ್ನು ನಂಬಿ ಕೂರಬಾರದು. ಬದುಕಿ ಪ್ರಯೋಜನವಿಲ್ಲವೆಂಬ ಮಾತು, ತನ್ನ ವಸ್ತುಗಳನ್ನು ಹಂಚಿಬಿಡುವುದು, ಊಟ ನಿದ್ರೆಗಳನ್ನು ಪೂರ್ತಿ ಬಿಡುವುದು ಕಂಡುಬಂದರೆ ಮುಂದಿನ ವಾರದ ಭೇಟಿಗೆ ಕಾಯದೆ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ದೊರೆಯುತ್ತದೆ, ಶುಲ್ಕವಿಲ್ಲ, ಭಾಷೆಯನ್ನು ಆರಿಸಿಕೊಳ್ಳಬಹುದು. ಕನ್ನಡವೂ ಅವುಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದೆ. ಪಂಚಾಂಗದ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆದು ತೂಗುಹಾಕಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಕೆಲವು ಮಕ್ಕಳು ನಡುರಾತ್ರಿ ಯಂತ್ರದೊಡನೆಯೇ ಮನಸ್ಸು ಬಿಚ್ಚಿ ಮಾತನಾಡುತ್ತಾರೆಂದು ಕೇಳಿದ್ದೇವೆ. ಏಕೆಂದು ಕೇಳಿದರೆ, ಅದು ಬೈಯುವುದಿಲ್ಲ ಎನ್ನುತ್ತಾರಂತೆ. ಆ ಉತ್ತರದಲ್ಲಿ ಯಂತ್ರದ ಗುಣಕ್ಕಿಂತ ನಮ್ಮ ಮನೆಗಳ ಸ್ಥಿತಿಯೇ ಹೆಚ್ಚು ಕಾಣುತ್ತದೆ.

ರೈಲ್ವೆಯಲ್ಲಿ ಆಯುಷ್ಯ ಕಳೆದವರ ಮಾತಿನಲ್ಲಿ ರೈಲು ಬರದೆ ಇರುವುದಿಲ್ಲ, ಕ್ಷಮಿಸಬೇಕು. ಮುಂಬಯಿಯಿಂದ ಪುಣೆಗೆ ಹೋಗುವ ಗಾಡಿ ಭೋರ್ ಘಾಟನ್ನು ಹತ್ತಬೇಕು. ಅಲ್ಲಿನ ಏರು 37 ಅಡಿಗೆ ಒಂದು ಅಡಿ. ಕರ್ಜತ್ತಿನಲ್ಲಿ ಗಾಡಿಗಳ ಹಿಂದೆ ಬ್ಯಾಂಕರ್ ಎಂಜಿನುಗಳನ್ನು ಜೋಡಿಸುವುದನ್ನು ನಮ್ಮ ಓದುಗರಲ್ಲಿ ಹಲವರು ಪ್ಲಾಟ್‌ಫಾರ್ಮಿನ ವಡಾಪಾವ್ ತಿನ್ನುತ್ತ ನೋಡಿರುತ್ತಾರೆ. ಅವು ಲೋಣಾವಳದವರೆಗೆ ನೂಕಿ, ಅಲ್ಲಿ ಕಳಚಿಕೊಳ್ಳುತ್ತವೆ. ಮುಂದಿನ ಎಂಜಿನು ದುರ್ಬಲವೆಂದು ಯಾರೂ ಅನ್ನುವುದಿಲ್ಲ. ಸಮತಟ್ಟಿನಲ್ಲಿ ಅದು ತಾನೇ ಎಳೆಯಬಲ್ಲದು, ಏರು ಮಾತ್ರ ಕಡಿದು. ಬ್ಯಾಂಕರನ್ನು ಪುಣೆಯವರೆಗೆ ಕಟ್ಟಿಕೊಂಡು ಹೋಗುವವರೂ ಇಲ್ಲ. ಪುಣೆಯ ಆ ಹುಡುಗಿಗೆ ನಾವು ಇದನ್ನೇ ಹೇಳಿದೆವು. ಅವಳು ಮೈಸೂರಿನ ಚಿಕಿತ್ಸಕಿಯೊಬ್ಬರೊಡನೆ ಪರದೆಯ ಮೂಲಕ ಏಳೆಂಟು ತಿಂಗಳು ಮಾತನಾಡಿದಳು. ಪೂರ್ತಿ ಗುಣವಾಯಿತೆಂದು ಅವಳು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಕಳೆದ ಆರಾಧನೆಯಲ್ಲಿ ಬಡಿಸಲು ನಿಂತಿದ್ದಳು. ಹಿರಿಯರೊಬ್ಬರು ಸಾರು ನೀರಾಗಿದೆಯೆಂದಾಗ, “ನಾ ಮಾಡಿಲ್ರೀ, ಬಡಸ್ಲಿಕತ್ತೇನಿ ಅಷ್ಟ” ಎಂದು ನಕ್ಕು ಮುಂದೆ ಹೋದಳು. ಹಿಂದಿನ ವರ್ಷವಾಗಿದ್ದರೆ ಸೌಟು ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಮನೆಯವರು ಮಾಡಬೇಕಾದದ್ದು ಸ್ವಲ್ಪವೇ. ಒಂದೂವರೆ ಕೋಣೆಯ ಮನೆಯಲ್ಲಿ ಏಕಾಂತ ಕಷ್ಟ. ವಾರಕ್ಕೊಂದು ಗಂಟೆ ಉಳಿದವರು ಕೆಳಗಿಳಿದು ಹೋಗಬಹುದು, ಮಠಕ್ಕೆ ಬಂದರೆ ಇನ್ನೂ ಒಳ್ಳೆಯದು. ಬಾಗಿಲು ತೆರೆದೊಡನೆ ‘ನಮ್ಮ ಬಗ್ಗೆ ಏನು ಹೇಳಿದೆ’ ಎಂದು ಕೇಳಬಾರದು. ಜಪ, ಪೂಜೆಗಳನ್ನು ನಿಲ್ಲಿಸಬೇಕೇ ಎಂದವರಿಗೆ ಉತ್ತರ, ಖಂಡಿತ ಬೇಡ. ಮಗುವಿಗೆ ಮನಸ್ಸಿಲ್ಲದ ದಿನ ಒತ್ತಾಯವೂ ಬೇಡ. ಅವನ ಹೆಸರಿನಲ್ಲಿ ಮನೋಭಿಮಾನಿಗಳಾದ ರುದ್ರದೇವರಿಗೆ ನೀವೇ ಒಂದು ನಮಸ್ಕಾರ ಹೆಚ್ಚು ಹಾಕಿ. ಇನ್ನು, ಮೊದಲ ಭೇಟಿಗೆ ಗುರುವಾರವೇ ಆಗಬೇಕೇ, ರಾಹುಕಾಲ ನೋಡಬೇಕೇ ಎಂದು ಹೈದರಾಬಾದಿನ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ. ಜ್ವರ ಬಂದಾಗ ನೋಡುವಷ್ಟೇ ನೋಡಿ. ಚಿಕಿತ್ಸಕರಿಗೆ ಯಾವ ಹೊತ್ತು ಬಿಡುವಿದೆಯೋ ಆ ಹೊತ್ತನ್ನು ಹಿಡಿದುಕೊಳ್ಳಿ; ತಪ್ಪಿದರೆ ಮತ್ತೆ ಹದಿನೈದು ದಿನ ಕಾಯಿಸುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥